ಮಾತು ನಿಲ್ಲದ ಗೇರು

ಕಳೆದ ವಾರ ನಿಧಿ ತನ್ನ ಅಪ್ಪನ ಸೈಕಲ್ಲನ್ನು ನನ್ನ ಮನೆಯವರೆಗೆ ತಳ್ಳಿಕೊಂಡು ಬಂದಳು. ಮಳೆ ಆಗಷ್ಟೇ ನಿಂತಿತ್ತು. ಅವಳು ಊರ ಹೊರಗಿನ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನಾನು ಇದೇ ಊರಿನ ಬ್ಯಾಂಕಿಗೆ ವರ್ಗವಾಗಿ ಬಂದವನು. ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ. ನನ್ನ ಬಾಯಿಗೆ ಇನ್ನೂ ಔರಂಗಾಬಾದ್ ಎಂದೇ ಬರುತ್ತದೆ.

“ಕಾಕಾ, ಇದರ ಹಿಂದಿನ ಗೇರ್ ಬದಲ್ ಮಾಡಿ ಕೊಡ್ತೀರಿ ಕಾ? ಖೂಪ್ ಹಲ್ಕಾ ಅದ ಇದು. ಪೆಡಲ್ ತಿರಗತದ, ಗಾಡಿ ಪುಢ ಹೋಗೂದೇ ಇಲ್ಲ.”

ನಾಸಿಕದಲ್ಲಿ ಬೆಳೆದ ಹುಡುಗಿ. ಅವಳ ಕನ್ನಡ ಅರ್ಧ ದಾರಿಯಲ್ಲಿ ಮರಾಠಿಯ ಓಣಿ ಹೊಕ್ಕು ಬರುತ್ತದೆ. ಬೆಳಿಗ್ಗೆ ಖುಲ್ತಾಬಾದಿನ ಏರು ಹತ್ತಿ ಎಲ್ಲೋರಾಕ್ಕೆ ಹೋಗಿ ಬರುತ್ತಾಳಂತೆ. ಅವಳ ವಯಸ್ಸಿಗೆ, ಅಷ್ಟು ಸಣ್ಣ ಏರಿಗೆ, ಆ ಗೇರು ಹಗುರವೇ. ಹಿಂದಿನ ಗಾಲಿ ಬಿಚ್ಚಿ, ಹಲ್ಲುಚಕ್ರಗಳ ಗೊಂಚಲನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ಅದ್ದಿದೆ.

ಸೀಮೆಎಣ್ಣೆ, ಹಳೆಯ ಗ್ರೀಸು, ಹೊರಗಿನ ಒದ್ದೆ ಮಣ್ಣು. ಮೂರೂ ಕೂಡಿದ ಆ ವಾಸನೆಗೆ ನಾಸಿಕದ ಒಂದು ಮಳೆಗಾಲ ಎದ್ದು ಬಂತು. ವಾಸನೆ ನೆನಪನ್ನು ತಾಜಾ ಇಡುತ್ತದೆ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ನಾನು ಉಳಿಸಿಕೊಂಡದ್ದು ಇಷ್ಟೇ: ಖಾತ್ರಿ ಅನ್ನಿಸುವುದಕ್ಕೂ ಖಾತ್ರಿ ಇರುವುದಕ್ಕೂ ಸಂಬಂಧವಿಲ್ಲ. ವಾಸನೆ ಕೊಡುವುದು ಮೊದಲನೆಯದನ್ನು ಮಾತ್ರ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಸೇರಿಕೊಂಡದ್ದು ಎಂದು ನಾನು ಹೇಳಲಾರೆ. ಅನುಮಾನ ಬಂದಲ್ಲಿ ಹಾಗೆಂದು ಹೇಳುತ್ತೇನೆ.

ಆಗ ನಾನು ನಾಸಿಕದ ಬ್ಯಾಂಕಿನಲ್ಲಿದ್ದೆ. ಆ ವರ್ಷದ ಬೇಸಿಗೆಯಲ್ಲಿ ನನ್ನ ವಿಚ್ಛೇದನ ಮುಗಿದಿತ್ತು. ಜಗಳವಿರಲಿಲ್ಲ, ಅಳುವೂ ಇರಲಿಲ್ಲ. ಇಬ್ಬರೂ ಕೋರ್ಟಿನ ಹೊರಗೆ ನಿಂಬೆ ಶರಬತ್ತು ಕುಡಿದು ಬೇರೆ ಬೇರೆ ರಿಕ್ಷಾ ಹತ್ತಿದೆವು. ಆಮೇಲೆ ಯಾವುದೂ ನನ್ನನ್ನು ಮುಟ್ಟದೆ ಹೋಯಿತು. ಊಟದ ರುಚಿ ಗೊತ್ತಾಗುತ್ತಿತ್ತು. ಆದರೆ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ್ದು ಗೊತ್ತಾಗುವ ಹಾಗೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ನೋಡುತ್ತಿದ್ದೆ. ಬಾಡಿಗೆ ಮನೆಯಲ್ಲಿ ಒಂದು ಮಂಚ, ಒಂದು ಫ್ಯಾನು, ಗೋಡೆಗೆ ಒರಗಿಸಿದ ಸೈಕಲ್ಲು ಇದ್ದವು. ರಜೆಯ ದಿನ ತ್ರ್ಯಂಬಕೇಶ್ವರದ ರಸ್ತೆಯಲ್ಲಿ ಜೀಪುಗಳ ಹೊಗೆ ಕುಡಿಯುತ್ತ ತುಳಿದು ವಾಪಸು ಬರುತ್ತಿದ್ದೆ. ಇಷ್ಟಪಟ್ಟು ಹೋಗುತ್ತಿದ್ದೆ ಎಂದು ಹೇಳಲಾರೆ. ಮನೆಯಲ್ಲಿ ಕೂರುವುದಕ್ಕೆ ಆಗುತ್ತಿರಲಿಲ್ಲ.

ಕನ್ನಡದವರ ಒಂದು ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೆಸರು ಕೇಳಿ, ನನ್ನ ಮಣಿಕಟ್ಟು ನೋಡಿದರು. ಬಿಸಿಲಿಗೆ ಸುಟ್ಟ ಬಣ್ಣ ಕೈಗವಸಿನ ಗೆರೆಯಲ್ಲಿ ನಿಂತಿತ್ತು.

“ಸೈಕಲ್ ಹೊಡೀತೀರೇನ್ರಿ?”

“ಹೂಂ.”

“ಬರೇ ಹೂಂ ಅಂದ್ರ ಹ್ಯಾಂಗ್ರಿ ಹೊಸಮನಿಯವರ? ಯಾವ ಗಾಡಿ, ಹಿಂದಿನ ಹಲ್ಲೆಷ್ಟು, ಹೇಳ್ರಿ.”

ಅವರೇ ಪ್ರಹ್ಲಾದ ಕಟ್ಟಿ, ನಿಧಿಯ ಅಪ್ಪ. ವಿಜಾಪುರದವರು, ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಹಿರಿಯ ಎಂಜಿನಿಯರ್, ನಿವೃತ್ತಿ ಹತ್ತಿರ ಬಂದಿತ್ತು. ಹಿಂದಿನ ಚಳಿಗಾಲದಲ್ಲಿ ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಕೂರಿಸಿದ್ದರು. ಅಲ್ಲಿಂದ ಮನೆಯಲ್ಲಿ ಅವರು ಗಾಜಿನ ಸಾಮಾನು. ಅವರ ಹೆಂಡತಿ ಮಾಲತಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವರು. ಗಂಡನಿಗೆ ಗ್ಯಾಸ್ ಸಿಲಿಂಡರ್ ಸರಿಸಲೂ ಬಿಡುತ್ತಿರಲಿಲ್ಲ. ಕಟ್ಟಿಯವರಿಗೋ ಒಂದೇ ಹಟ. ಆ ಶ್ರಾವಣ ಕಳೆಯುವುದರೊಳಗೆ ಲದ್ದಾಖಿಗೆ ಹೋಗಿ, ಲೇಹ್‌ನಿಂದ ಖಾರ್ದುಂಗ್ ಲಾ ಘಾಟಿನ ನೆತ್ತಿಗೆ ಸೈಕಲ್ ತುಳಿಯಬೇಕು. ಅದನ್ನು ಹತ್ತಿ ಬಂದವನನ್ನು ಯಾರೂ ರೋಗಿ ಎನ್ನಲಾರರು ಎಂದು ಅವರ ಲೆಕ್ಕ.

“ಮೂವತ್ತು ವರ್ಷದಿಂದ ನಾ ಬಿಗದ ಬೋಲ್ಟ್ ಹಿಮಾಲಯದ ಮ್ಯಾಲ ಹಾರ್ಲಿಕತ್ತಾವ. ನಾ ಮಾತ್ರ ಓಝರ್ ಬಿಟ್ಟು ಎತ್ತರಕ್ಕ ಹೋದಂವಲ್ಲ,” ಎಂದು ನಾನು ಮೊದಲ ಸಲ ಅವರ ಮನೆಗೆ ಹೋದಾಗ ಹೇಳಿದರು.

“ಬೋಲ್ಟಿಗೆ ಸ್ಟೆಂಟ್ ಹಾಕಿರ್ಲಿಲ್ರಿ,” ಎಂದರು ಮಾಲತಿ, ಚಹಾದ ಕಪ್ಪು ಇಡುತ್ತ.

ಡಾಕ್ಟರು ಬೇಡ ಅಂದಿರಲಿಲ್ಲ. ಒಂದು ಷರತ್ತು ಹಾಕಿದ್ದರು. ಏರು ಹತ್ತುವಾಗ ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿರಬೇಕು. ವಾಕ್ಯ ನಡುವೆ ತುಂಡಾದರೆ ಅಲ್ಲೇ ಇಳಿದು ಹಿಂದಿರುಗಬೇಕು. ಇದನ್ನು ಕಟ್ಟಿಯವರು ಒಪ್ಪಿದ್ದರು. ಮಾಲತಿ ಒಪ್ಪಿರಲಿಲ್ಲ.

“ಇವರ ಮಾತು ನಾ ನಂಬೂದಿಲ್ರಿ. ಅವತ್ತು ಎದಿ ಹಿಡಕೊಂಡು ಸೋಫಾದ ಮ್ಯಾಲ ಬಿದ್ದಾಗೂ ಆರಾಮಿದ್ದೀನಿ ಅಂದ್ರು. ಆಂಬ್ಯುಲೆನ್ಸಿನ್ಯಾಗೂ ಅದನ್ನೇ ಅಂದ್ರು. ಇವರು ಮಾತಾಡೂದು ಬಾಜೂಕಿದ್ದು ಕೇಳವರು ಒಬ್ಬರು ಬೇಕು. ನೀವು ಹೂಂ ಅಂದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ.”

ಕಟ್ಟಿಯವರು ಸಿಟ್ಟಾಗಲಿಲ್ಲ. ಅದು ಅವರ ಕಾರ್ಖಾನೆಯ ಕ್ರಮವೇ ಆಗಿತ್ತು. “ನಮ್ಮ ಕಡೆ ಬಿಗದಂವ ಪಾಸ್ ಮಾಡೂದಿಲ್ರಿ. ಎಷ್ಟ ಸೀನಿಯರ್ ಇದ್ರೂ, ತಾ ಮಾಡಿದ್ದು ಸರಿ ಅದ ಅಂತ ತಾನ ಹೇಳಾಕ ಬರೂದಿಲ್ಲ. ಇನ್ನೊಬ್ಬಂವ ಬಂದು ಕೈ ಹಚ್ಚಿ ನೋಡಿ, ನೋಡ್ದೆ ಅನಬೇಕು. ಆಮ್ಯಾಲೇ ವಿಮಾನ ಹೊರಗ. ನಾ ಬಿಗೀತೀನಿ, ನೀವು ನೋಡ್ರಿ.”

ನಾನು ಒಪ್ಪಿದೆ. ಪ್ರೀತಿಯಿಂದಲ್ಲ. ಬೇಡ ಎನ್ನುವುದಕ್ಕೆ ಕಾರಣ ಹುಡುಕುವಷ್ಟು ಉಮೇದು ಇರಲಿಲ್ಲ.

ಹೀಗೆ ಆ ಮಳೆಗಾಲ ಶುರುವಾಯಿತು. ಕಟ್ಟಿಯವರದು ಪುಣೆಯ ಯಾರೋ ರೇಸಿನ ಹುಡುಗನಿಂದ ಕೊಂಡ ಸೈಕಲ್ಲು. ಮುಂದಿನ ಸಣ್ಣ ಚಕ್ರಕ್ಕೆ ಮೂವತ್ತೊಂಬತ್ತು ಹಲ್ಲು, ಹಿಂದಿನ ಎಲ್ಲಕ್ಕಿಂತ ದೊಡ್ಡದಕ್ಕೆ ಇಪ್ಪತ್ತೈದು. ಸೈಕಲ್ ತುಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಮುಂದೆ ಹಲ್ಲು ಕಡಿಮೆಯಾದಷ್ಟೂ, ಹಿಂದೆ ಹೆಚ್ಚಾದಷ್ಟೂ ಏರು ಹಗುರವಾಗುತ್ತದೆ, ಸೈಕಲ್ ನಿಧಾನವಾಗುತ್ತದೆ. ಅವರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಒಂದೂವರೆಗೂ ಹೆಚ್ಚು ಸುತ್ತಬೇಕು. ಸಪಾಟು ರಸ್ತೆಗೆ ಅದು ಸರಿ. ಬೆಟ್ಟಕ್ಕೆ ಅಲ್ಲ.

ಪರೀಕ್ಷೆಗೆ ಆರಿಸಿಕೊಂಡದ್ದು ಸಪ್ತಶೃಂಗಿಗೆ ಹೋಗುವ ನಾಂದೂರಿಯ ಘಾಟು. ಮೊದಲ ದಿನ ಮೋಡ ರಸ್ತೆಯ ಮೇಲೇ ಕೂತಿತ್ತು. ಕೆಳಗೆ ಗೋವಿನಜೋಳದ ತೆನೆ ಸುಡುವವರ ಹೊಗೆ, ಮೇಲೆ ಬಂಡೆಯಿಂದ ಇಳಿವ ನೀರು. ಕಟ್ಟಿಯವರು ತಮ್ಮ ಹಳೆಯ ಗೇರಿನಲ್ಲೇ ಹೊರಟರು. ನಾನು ಪಕ್ಕದಲ್ಲಿ. ಮಾತಾಡುತ್ತಲೇ ಇರಬೇಕೆಂಬುದು ನಿಯಮ, ಹಾಗಾಗಿ ಅವರು ಮನೆಯ ಕುಕ್ಕರಿನ ಕಥೆ ತೆಗೆದರು. ಸೀಟಿ ಸರಿಯಾಗಿ ಕೂಗುತ್ತಿಲ್ಲ ಎಂದು ತಾವೇ ಒಂದು ಕವಾಟ ಕಡೆದು ತಂದು ಕೂರಿಸಿದ್ದು, ಮಾಲತಿ ಬೇಡ ಬೇಡ ಎಂದದ್ದು.

“ನಾ ಅಂದೆ, ವಿಮಾನದ ಹೈಡ್ರಾಲಿಕ್ಕೇ ನಿಲ್ಲಸ್ತೀನಿ, ನಿನ್ನ ಬ್ಯಾಳಿ ಏನ್ ದೊಡ್ಡ... ದೊಡ್ಡ...”

ಎರಡನೇ ತಿರುವಿನಲ್ಲಿ ವಾಕ್ಯ ತುಂಡಾಯಿತು. ಇಳಿದೆವು. ಅವರು ಬಂಡೆಗೆ ಒರಗಿ ನಿಂತರು. ಬಾಯಿ ತೆರೆದಿತ್ತು. ಕಾಲ್ನಡಿಗೆಯಲ್ಲಿ ದೇವಿಗೆ ಹೊರಟಿದ್ದ ಹೆಂಗಸರ ಗುಂಪೊಂದು ನಮ್ಮನ್ನು ದಾಟಿ ಹೋಯಿತು. ಒಬ್ಬಾಕೆ ಹಿಂತಿರುಗಿ, “ಕಾಯ್ ಕಾಕಾ, ಗಾಡಿ ಪಂಕ್ಚರ್?” ಎಂದಳು.

“ಗಾಡಿ ಅಲ್ಲ ತಾಯಿ,” ಎಂದರು ಕಟ್ಟಿ, ಕನ್ನಡದಲ್ಲೇ.

ಸಂಜೆ ಮಾಲತಿ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದರು. “ಎಲ್ಲೀತನಕ ಮಾತಾಡಿದ್ರು?” ನಾನು ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ಕಟ್ಟಿಯವರು ನನ್ನತ್ತ ನೋಡಲಿಲ್ಲ.

ಆಮೇಲೆ ಮುಂದಿನ ಹಲ್ಲುಚಕ್ರ ಬದಲಾಯಿತು, ಮೂವತ್ನಾಲ್ಕು ಬಂತು. ಹಿಂದೆ ಇಪ್ಪತ್ತೆಂಟು ಹಾಕಿದೆವು. ಇದಕ್ಕೆ ಕಾರಣ ಲೆಕ್ಕ, ಮತ್ತು ಆ ಲೆಕ್ಕ ತಪ್ಪಾಗಿತ್ತು. ಸಹ್ಯಾದ್ರಿಯ ಘಾಟುಗಳು ಗಿಡ್ಡ, ಆದರೆ ಕಡಿದು. ಖಾರ್ದುಂಗ್ ಲಾ ರಸ್ತೆ ಉದ್ದ, ಆದರೆ ಓರೆ ಕಡಿಮೆ. ಇಲ್ಲಿಯ ಕಡಿದನ್ನು ಇಪ್ಪತ್ತೆಂಟರಲ್ಲಿ ಹತ್ತಿದವನಿಗೆ ಅಲ್ಲಿಯ ಓರೆ ಸಲೀಸು ಎಂದು ನಾವಿಬ್ಬರೂ ಒಪ್ಪಿದೆವು. ವಿಮಾನದ ಎಂಜಿನಿಯರನೊಬ್ಬ, ಸಂಖ್ಯಾಶಾಸ್ತ್ರದವನೊಬ್ಬ. ರಸ್ತೆಯನ್ನು ಅಳೆದೆವು, ಕಾಲನ್ನು ಅಳೆದೆವು. ಗಾಳಿ ಲೆಕ್ಕದಲ್ಲಿ ಇರಲಿಲ್ಲ. ಹುಳಿಗೆ ಕಾಯಿ ತುರಿಯುತ್ತಿದ್ದ ಮಾಲತಿ ನಮ್ಮ ಗಣಿತ ಕೇಳಿಸಿಕೊಂಡು ತುರಿಯುವುದನ್ನು ನಿಲ್ಲಿಸಿದರು.

“ಅಲ್ರಿ, ಅಲ್ಲಿ ಆಕ್ಸಿಜನ್ ಅರ್ಧಕ್ಕ ಬಂದಿರತದ. ವಿಮಾನಕ್ಕೂ ಅಲ್ಲಿ ಎಂಜಿನ್ ಶಕ್ತಿ ಕಡಿಮಿ ಆಗತದ ಅಂತ ನೀವ ನಂಗ ಹೇಳೀರಿ. ನಿಮಗ ಆಗೂದಿಲ್ಲೇನು?”

ಕಟ್ಟಿಯವರು ಗಹಗಹಿಸಿ ನಕ್ಕರು. ಎಷ್ಟೋ ಹೊತ್ತು ನಕ್ಕರು. ಬೆಳಿಗ್ಗೆಯಿಂದ ಸಂಜೆವರೆಗೆ ಎತ್ತರದಲ್ಲಿ ಎಂಜಿನ್ನಿನ ಉಸಿರು ಕಟ್ಟುವುದನ್ನೇ ಲೆಕ್ಕ ಹಾಕುವ ಮನುಷ್ಯ, ತನ್ನ ಉಸಿರನ್ನು ಓಝರ್‌ನ ಎತ್ತರದಲ್ಲೇ ಬಿಟ್ಟು ಉಳಿದದ್ದನ್ನು ಲದ್ದಾಖಿಗೆ ಕಳಿಸಿದ್ದ. ನಾನೂ ನಗಬೇಕಿತ್ತು. ಮುಖ ನಕ್ಕಿರಬಹುದು.

ಹಿಂದಿನದನ್ನು ಮೂವತ್ನಾಲ್ಕಕ್ಕೆ ಏರಿಸಿದೆವು. ಅಷ್ಟು ದೊಡ್ಡ ಹಲ್ಲಿಗೆ ಚೈನು ಸರಿಸುವ ಹಳೆಯ ಗೇರ್ ಯಂತ್ರ ಸಾಲದು. ಉದ್ದ ತೋಳಿನದು ಬೇಕು, ಉದ್ದ ಚೈನು ಬೇಕು. ಕಟ್ಟಿಯವರು ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿ, ಒಂದೊಂದೇ ಸ್ಕ್ರೂ ಬಿಗಿದು, ಕೈ ಹಿಂದೆ ಕಟ್ಟಿಕೊಂಡು ಸರಿದು ನಿಲ್ಲುತ್ತಿದ್ದರು. ನಾನು ಎಳೆದು ನೋಡಿ “ನೋಡ್ದೆ” ಎನ್ನಬೇಕು. ಒಮ್ಮೆ ಎಳೆಯದೇ ಅಂದೆ.

“ಕಣ್ಣಿಲೆ ನೋಡಬ್ಯಾಡ್ರಿ. ಕೈಲೆ ನೋಡ್ರಿ.”

ಈಗ ಪೆಡಲ್ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು. ನಾಂದೂರಿಯ ಘಾಟಿನಲ್ಲಿ ಅವರ ಮಾತು ಈ ಸಲ ನಿಲ್ಲಲಿಲ್ಲ. ಸೈಕಲ್ಲಿನ ವೇಗ ನಡೆಯುವವರಿಗಿಂತ ತುಸು ಜೋರು, ಅಷ್ಟೇ. ಕುಕ್ಕರಿನ ಕಥೆ ಮುಗಿಯಿತು; ಬೇಳೆ ಹೋಗಿ ಚಾವಣಿಗೆ ಬಡಿದಿತ್ತು, ಕಲೆ ಇನ್ನೂ ಇದೆ. ವಿಮಾನದ ಹ್ಯಾಂಗರಿನಲ್ಲಿ ಬೋಲ್ಟ್ ಬಿಗಿಯುವ ಒಂದು ಪಾನಾ ಕಾಣೆಯಾಗಿ ಎಲ್ಲರೂ ಮೊಣಕಾಲೂರಿ ನೆಲ ತಡವಿದ್ದು, ಅದು ಕೊನೆಗೆ ಹುಡುಕಲು ಹೇಳಿದ ಸಾಹೇಬನ ಜೇಬಿನಲ್ಲೇ ಸಿಕ್ಕಿದ್ದು, ವಿಜಾಪುರದಲ್ಲಿ ಬೇಸಿಗೆಗೆ ಮಾಳಿಗೆಯ ಮೇಲೆ ನೀರು ಸುರಿದು ಮಲಗುತ್ತಿದ್ದದ್ದು. ಆ ಮಳೆಗಾಲದಲ್ಲಿ ಮಳೆಯ ಹೊರತು ನನ್ನ ಕಿವಿಗೆ ಬಿದ್ದದ್ದೆಲ್ಲ ಅವರ ದನಿ. ಅದರಿಂದ ನನಗೆ ಒಳ್ಳೆಯದಾಯಿತು ಎಂದು ಬರೆದರೆ ಓದಲು ಚೆನ್ನ. ನಿಜ ಇರಲಿಕ್ಕಿಲ್ಲ. ಕಿವಿಯ ಮೇಲೆ ನೀರು ಬಿದ್ದ ಹಾಗೆ ಬಿದ್ದು ಹೋಗುತ್ತಿತ್ತು.

ಇನ್ನು ನಲವತ್ತು ಹಲ್ಲಿನ ಮಾತು. ಗುಡ್ಡಗಾಡಿನ ದಪ್ಪ ಗಾಲಿಯ ಸೈಕಲ್ಲಿಗೆ ಹಾಕುವ ಹಲ್ಲುಚಕ್ರವನ್ನು ಹೇಗೋ ಹೊಂದಿಸಿದರೆ ಗೇರು ಇನ್ನೂ ಹಗುರಾಗುತ್ತಿತ್ತು. ನನ್ನ ನೆನಪಿನಲ್ಲಿ, ಹಾಕೋಣ ಅಂದವನು ನಾನು. ಕಟ್ಟಿಯವರು ಕೈ ಅಡ್ಡ ಹಿಡಿದರು. “ಒಂದಕ್ಕ ಒಂದು ಸಾಕು. ಅದಕಿಂತ ಕೆಳಗಿಳದ್ರ ಅದು ಸೈಕಲ್ ಅಲ್ಲ, ಹೊಲಿಗಿ ಮಷೀನ್. ಹತ್ತಿದ್ರ ಮನಶಾ ಹತ್ತಿಧಂಗ ಹತ್ತಬೇಕು.” ಈ ಮಾತು ನನಗೆ ಅವರ ದನಿಯಲ್ಲೇ ಕೇಳಿಸುತ್ತದೆ.

ಕಳೆದ ವಾರ ನಿಧಿ ಹೇಳಿದ್ದು ಬೇರೆ. ಆ ದಿನ ಅವಳು ಶೇಂದ್ರಾದಿಂದ ರಜೆಗೆ ಬಂದಿದ್ದಳಂತೆ, ಅಲ್ಲೇ ಕೂತಿದ್ದಳಂತೆ. “ನೈ ಕಾಕಾ, ಅಪ್ಪ ಚಾಳೀಸ್ ಹಾಕೂಣು ಅಂದ್ರು. ನೀವೇ ಅಂದ್ರಿ, ಒಂದಕ್ಕ ಒಂದು ಪುರೇ ಅಂತ. ಹೊಲಿಗಿ ಮಷೀನ್ ಭಿ ನೀವೇ ಅಂದಿದ್ದು. ಅಪ್ಪ ನಕ್ಕಿದ್ರು.”

ಹೊಲಿಗೆ ಮಷೀನು ನನ್ನ ಬಾಯಿಂದ ಬರುವ ಮಾತಲ್ಲ ಎಂದು ನನಗನ್ನಿಸುತ್ತದೆ. ಅನ್ನಿಸುವುದರ ಬೆಲೆ ಎಷ್ಟೆಂದು ಮೊದಲೇ ಬರೆದಿದ್ದೇನೆ. ನಿಧಿಗೂ ಆಗ ಗಮನವೆಲ್ಲ ಫೋನಿನಲ್ಲಿ ಇದ್ದಿರಬಹುದು. ಕಟ್ಟಿಯವರನ್ನು ಕೇಳಿದರೆ ಮೂರನೆಯ ಆವೃತ್ತಿ ಸಿಗುತ್ತದೆ. ಒಟ್ಟಿನಲ್ಲಿ ಮೂವತ್ನಾಲ್ಕೇ ಉಳಿಯಿತು.

ಹೊರಡುವ ಮುನ್ನ ಮಾಲತಿ ಗಂಡನಿಗೆ ಹೇಳಲಿಲ್ಲ, ನನಗೆ ಹೇಳಿದರು. “ಮಾತು ನಿಂತ್ರ ನೀವು ಇಳಸಬೇಕು. ಅವರು ಬೈತಾರ. ಬೈಸ್ಕೋರಿ.”

ಲೇಹ್‌ನಲ್ಲಿ ಆ ಎತ್ತರಕ್ಕೆ ಮೈ ಒಗ್ಗಲೆಂದು ದಿನಗಟ್ಟಲೆ ಸುಮ್ಮನೆ ಕೂತೆವು. ಮಳೆಯ ನಾಡಿನಿಂದ ಬಂದವರಿಗೆ ಅಲ್ಲಿಯ ಒಣ ಬಿಸಿಲು, ಬೋಳು ಗುಡ್ಡ, ನೀಲಿ ಆಕಾಶ ಯಾರೋ ತೊಳೆದು ಒಣಹಾಕಿದ ಪಾತ್ರೆಗಳಂತಿದ್ದವು. ಹೊರಟ ಬೆಳಿಗ್ಗೆ ಕಟ್ಟಿಯವರು ಹಸನ್ಮುಖಿ. ಮೊದಲ ಭಾಗ ಡಾಂಬರು ನುಣುಪಾಗಿತ್ತು. ಅವರು ತಮ್ಮ ಮದುವೆಯ ಕಥೆ ತೆಗೆದರು. ಹೆಣ್ಣು ನೋಡಲು ಗದಗಿಗೆ ಹೋಗಿದ್ದು. ಉಪ್ಪಿಟ್ಟು ಬರುವುದರೊಳಗೆ ಮೂಲೆಯಲ್ಲಿ ಕೆಟ್ಟು ಕೂತ ರೇಡಿಯೋ ಕಂಡು ಇವರ ಕೈ ಕಡಿಯತೊಡಗಿದ್ದು, ಯಾರೂ ಕೇಳದೆ ಅದನ್ನು ಬಿಚ್ಚಿ ಹರವಿದ್ದು. “ಆಕಿ ಬಂದು ನಿಂತಾಳ, ನಾ ತಲಿ ಎತ್ತೇ ಇಲ್ರಿ. ಕೈಯಾಗ ಕಂಡೆನ್ಸರ್.” ಒಂದೊಂದು ವಾಕ್ಯವೂ ಇಡಿಯಾಗಿತ್ತು. ಸೌತ್ ಪುಲ್ಲು ಎಂಬ ತಪಾಸಣೆ ಠಾಣೆಯಲ್ಲಿ ಚಹಾ ಕುಡಿದೆವು. ಅಲ್ಲಿಂದ ಮೇಲೆ ರಸ್ತೆ ಒರಟು, ಕರಗಿದ ಹಿಮದ ನೀರು ಅಡ್ಡ ಹರಿಯುತ್ತಿತ್ತು. ನನ್ನ ಬೆರಳು ಮರಗಟ್ಟಿದ್ದವು. ಹ್ಯಾಂಡಲ್ ಹಿಡಿದಿದ್ದೇನೆಯೋ ಇಲ್ಲವೋ ನೋಡಿ ತಿಳಿಯಬೇಕು.

ಕಥೆಯಲ್ಲಿ ಮಾಲತಿಯ ತಂದೆ ಒಳಗೆ ಬಂದರು.

“ಅವರಪ್ಪ... ನೋಡಿದ್ರು. ಎಲ್ಲಾ... ನೆಲದ ಮ್ಯಾಲ...”

ಮುಂದೆ ಬರಲಿಲ್ಲ. ನಾನು ಕಾದೆ. ಪೆಡಲ್ ತಿರುಗುತ್ತಿತ್ತು, ಒಂದಕ್ಕೆ ಒಂದು. ನೆತ್ತಿಯ ಬಣ್ಣಬಣ್ಣದ ಪ್ರಾರ್ಥನೆಯ ಬಾವುಟಗಳು ಮೇಲಿನ ತಿರುವಿನಲ್ಲಿ ಕಾಣುತ್ತಿದ್ದವು.

“ಅವರಪ್ಪ ಏನಂದ್ರು ಸರ್?” ಎಂದೆ.

“ಹೂಂ,” ಎಂದರು.

“ಏನಂದ್ರು?”

“ಹೂಂ.”

ಇಲ್ಲಿ ನನ್ನ ನೆನಪು ಸ್ಪಷ್ಟ: ನಾನು ಕಾಲೂರಿ, ಅವರ ಹ್ಯಾಂಡಲ್ ಹಿಡಿದು, “ಇಳೀರಿ” ಅಂದೆ. ಅವರು ಬಾವುಟಗಳನ್ನು ನೋಡಿದರು, ನನ್ನನ್ನು ನೋಡಿದರು, ಇಳಿದರು. ಕಟ್ಟಿಯವರು ಹೇಳುವುದು ಬೇರೆ. ಯಾರೂ ಏನೂ ಅನ್ನಲಿಲ್ಲವಂತೆ. ನಾನು ಸುಮ್ಮನೆ ನಿಂತೆನಂತೆ, ಅವರೂ ನಿಂತರಂತೆ, ಇಬ್ಬರೂ ಸೈಕಲ್ ತಿರುಗಿಸಿದೆವಂತೆ. ಹ್ಯಾಂಡಲ್ ಹಿಡಿಯುವಷ್ಟು ಸ್ಪರ್ಶ ನನ್ನ ಬೆರಳಿನಲ್ಲಿ ಇರಲಿಲ್ಲ ಎಂಬುದು ಅವರ ಪಕ್ಷಕ್ಕೆ ಸಾಕ್ಷಿ. ಇಳಿಯುವಾಗ ಅವರು ಮಾತಾಡುತ್ತಲೇ ಇದ್ದರು. ಗಾಳಿಗೆ ನನಗೊಂದೂ ಕೇಳಿಸಲಿಲ್ಲ. ಆ ರೇಡಿಯೋ ಏನಾಯಿತೋ ಇವತ್ತಿಗೂ ಗೊತ್ತಿಲ್ಲ.

ಸಂಜೆ ತಂಗಿದ್ದ ಮನೆಯ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕ ಕೂತು ನಾನು ಮಾಲತಿಗೆ ಫೋನ್ ಮಾಡಿದೆ. ಕಟ್ಟಿಯವರು ಎದುರಿಗೆ ಬಿಸ್ಕೀಟು ಮುರಿದು ಚಹಾದಲ್ಲಿ ಅದ್ದುತ್ತಿದ್ದರು.

“ಮುಟ್ಟಿದ್ರೇನ್ರಿ?”

“ಇಲ್ರಿ.”

“ಮಾತು?”

“ನಿಂತ್ತು. ಹೊಳ್ಳಿ ಬಂದ್ವಿ.”

“ಎಷ್ಟು ಉಳದಿತ್ತು?”

“ಕಾಣತಿತ್ತು.”

ನಾಸಿಕದಲ್ಲಿ ಮಳೆ ಬೀಳುತ್ತಿರುವುದು ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಮಾಲತಿ ಅಂದರು: “ಅಲ್ಲಿಂದ ಹೊಳ್ಳಿ ಹೊರಡಾಕ ಇನ್ನೂ ದಿನ ಅದಾವಲ್ರಿ. ಇನ್ನೊಮ್ಮೆ ಹೋಗ್ತಾರೇನು ಕೇಳ್ರಿ. ನಾ ಬ್ಯಾಡ ಅನ್ನೂದಿಲ್ಲ ಅಂತ ಹೇಳ್ರಿ.”

ನಾನು ಹೇಳಿದೆ. ಕಟ್ಟಿಯವರ ಕೈಯ ಬಿಸ್ಕೀಟು ತುಂಡಾಗಿ ಚಹಾದಲ್ಲಿ ಮುಳುಗಿತು. ಅವರು ಅದನ್ನು ಚಮಚೆಯಿಂದ ತೆಗೆಯಲು ನೋಡಿದರು, ಆಗಲಿಲ್ಲ, ಬಿಟ್ಟರು.

“ನೀವೇನಂತೀರಿ ಹೊಸಮನಿಯವರ?”

ಅದು ನಾನು ಹೇಳಬೇಕಾದ ಮಾತು. ಇಡೀ ಮಳೆಗಾಲ ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು. ಹೌದು ಎನ್ನಲಿಕ್ಕೂ ಬೇಡ ಎನ್ನಲಿಕ್ಕೂ ನನ್ನಲ್ಲಿ ಏನೂ ಸಿಗಲಿಲ್ಲ.

“ಗೊತ್ತಾಗವಲ್ದು ಸರ್.”

ಅವರು ಕೈ ಚಾಚಿ ಫೋನ್ ತೆಗೆದುಕೊಂಡರು.

“ಮಾಲತಿ. ಆಗೂದಿಲ್ಲ ನನಗ.” ಅತ್ತಲಿಂದ ಏನೋ ಕೇಳಿದರು. “ಇಲ್ಲ, ಎದಿನೋವು ಏನೂ ಇಲ್ಲ. ಉಂಡೀನಿ. ಆಗೂದಿಲ್ಲ, ಅಷ್ಟ.” ಮತ್ತೆ ಏನೋ ಕೇಳಿದರು. “ಅವರು ಹೇಳಿಲ್ಲ. ನಾನ ಹೇಳಾಕತ್ತೀನಿ.”

ಫೋನು ನನಗೆ ಕೊಟ್ಟು ಎದ್ದರು. ಕಪ್ಪು ತೊಳೆಯಲು ಹೋದರು. ನಳದ ಸದ್ದು ಬಂತು.

“ಹೊಸಮನಿಯವರ,” ಎಂದರು ಮಾಲತಿ. ದನಿ ಬೇರೆಯಾಗಿತ್ತು. “ಈಗ ಅವರು ಅಂದದ್ದು ನೀವೂ ಕೇಳಿದ್ರಿ?”

“ಕೇಳಿದೆ.”

“ಆಗೂದಿಲ್ಲ ಅಂತ ಅವರೇ ಅಂದ್ರು?”

“ಅವರೇ ಅಂದ್ರು.”

ಫೋನಿನಲ್ಲಿ ನಾಸಿಕದ ಮಳೆ ಬೀಳುತ್ತಲೇ ಇತ್ತು.

“ತಣ್ಣೀರಾಗ ಕೈ ಹಾಕಬ್ಯಾಡ ಅಂತ ಹೇಳ್ರಿ,” ಎಂದರು. “ನಳದ ಸಪ್ಪಳ ಕೇಳಿಸ್ಲಿಕತ್ತದ ಇಲ್ಲೀತನಕ.”